ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತೂಕ ಏರುತ್ತಿದೆ, ಊಟ ಬಿಡಲೇ?

ಪ್ರಶ್ನೆ: ನನಗೆ 49 ವರ್ಷ. ಒಂದು ವರ್ಷದಿಂದ ಮುಟ್ಟು ಏರುಪೇರು. ಒಮ್ಮೆ ಮೂರು ತಿಂಗಳು ಬರೋದೇ ಇಲ್ಲ, ಬಂದರೆ ಹತ್ತು ದಿನ ಜೋರಾಗಿ ಹೋಗುತ್ತೆ. ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರಿ ಎಚ್ಚರ ಆಗುತ್ತೆ. ತೂಕ 5 ಕೆ.ಜಿ. ಏರಿ 60 ಆಗಿದೆ, ಏರಿದ್ದೆಲ್ಲ ಹೊಟ್ಟೆಗೇ. ಅದಕ್ಕೆ ಅನ್ನ ಬಿಟ್ಟೆ, ರಾತ್ರಿ ಬರೀ ಹಣ್ಣು ತಿನ್ನುತ್ತೇನೆ. ಆದರೂ ಇಳಿದಿಲ್ಲ. ಬೆಳಗ್ಗೆ ಥೈರಾಯ್ಡ್ ಮಾತ್ರೆ, ಜೊತೆಗೇ 500 ಮಿ.ಗ್ರಾಂನ ಕ್ಯಾಲ್ಸಿಯಂ ಮಾತ್ರೆ ನುಂಗಿ ಕಾಫಿ ಕುಡಿಯುತ್ತೇನೆ. ಬಿಸಿ ಕಡಿಮೆಯಾಗುತ್ತೆ ಅಂತ ಗೆಳತಿ ಹೇಳಿದ್ದಕ್ಕೆ ತಿಂಡಿಗೆ ಸೋಯಾ ಪೌಡರ್ ಶುರು ಮಾಡಿದ್ದೇನೆ. ಅಮ್ಮ 68ರಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಆ ಭಯವೂ ಇದೆ. ಮಾಂಸ, ಮೀನು ತಿನ್ನಲ್ಲ. ಮೊಟ್ಟೆ, ಹಾಲು ಆಗುತ್ತೆ. ಏನು ತಿನ್ನಬೇಕು, ಏನು ಬಿಡಬೇಕು?

ಉತ್ತರ: ನೀವು ಕೇಳಿದ್ದು ಊಟದ ಬಗ್ಗೆ. ನಾನು ಮಾತ್ರೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನೀವು ಬರೆದಿದ್ದರಲ್ಲಿ ನಾಳೆ ಬೆಳಗ್ಗೆಯೇ ಬದಲಾಗಬೇಕಾದ್ದು ಅದು. ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಹೊಟ್ಟೆಯೊಳಗೇ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತದೆ. ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಕಾಫಿಯೂ ಹೀಗೇ ಅಡ್ಡ ಬರುತ್ತದೆ, ಸೋಯಾ ಕೂಡ. ಅಂದರೆ ಪಾಪ, ನಿಮ್ಮ ಥೈರಾಯ್ಡ್ ಮಾತ್ರೆಗೆ ಬೆಳಬೆಳಗ್ಗೆಯೇ ಮೂರು ಕಡೆಯಿಂದ ಅಡ್ಡಿ! ಎದ್ದ ತಕ್ಷಣ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ ಬೇಕೇ ಬೇಕಾದರೆ ಮಧ್ಯಾಹ್ನದ ಊಟದ ಜೊತೆ. ಸೋಯಾವನ್ನೂ ತಿಂಡಿಯಿಂದ ಮಧ್ಯಾಹ್ನಕ್ಕೆ ತಳ್ಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಥೈರಾಯ್ಡ್ ಹಾರ್ಮೋನು ಸಾಲದೆ ಹೋದಾಗಲೂ ತೂಕ ಏರುತ್ತದೆ, ಸುಸ್ತಾಗುತ್ತದೆ, ಮುಟ್ಟು ಜೋರಾಗುತ್ತದೆ ಅಥವಾ ತಪ್ಪುತ್ತದೆ. ಇದೇ ವಯಸ್ಸಿನಲ್ಲಿ ಇವೆಲ್ಲ ಕಾಣಿಸಿಕೊಂಡರೆ ಎಲ್ಲರೂ ಮೆನೋಪಾಸ್ ಅಂತ ಷರಾ ಬರೆದು ಮುಗಿಸಿಬಿಡುತ್ತಾರೆ. ಮಾತ್ರೆಯ ಸಮಯ ಸರಿ ಮಾಡಿಕೊಂಡ ಮೇಲೆ 6ರಿಂದ 8 ವಾರ ಬಿಟ್ಟು, ಡೋಸ್ ಸರಿಯಿದೆಯಾ ಅಂತ ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಇದನ್ನು ಮರೆಯಬೇಡಿ. ಇಷ್ಟು ದಿನ ಅರ್ಧಂಬರ್ಧ ಸೇರುತ್ತಿದ್ದ ಡೋಸ್ ಈಗ ಪೂರ್ತಿ ಸೇರಲು ಶುರುವಾದರೆ ಅದೇ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಬೆವರುವುದು ಆಗಬಹುದು. ಹಾಗಾದರೆ 6 ವಾರ ಕಾಯುವುದೂ ಬೇಡ, ಡೋಸ್ ಕೊಟ್ಟ ವೈದ್ಯರಿಗೆ ಆಗಲೇ ತಿಳಿಸಿ.

ಎರಡನೆಯದು ಹತ್ತು ದಿನದ ರಕ್ತಸ್ರಾವ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚುತ್ತವೆ, ಗರ್ಭಕೋಶದ ಒಳಪದರ ದಪ್ಪಗಾಗಿ ಆಮೇಲೆ ಒಮ್ಮೆಲೇ ಹೋಗುತ್ತದೆ, ಹಾಗಾಗಿ ಏರುಪೇರು ಅಪರೂಪವಲ್ಲ. ಆದರೆ ಹತ್ತು ದಿನ ಜೋರಾಗಿ ಹೋಗುವುದನ್ನು ವಯಸ್ಸಿನ ಖಾತೆಗೆ ಹಾಕಿ ಸುಮ್ನೆ ಕೂರಬಾರದು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ ಗಡ್ಡೆ ಇರಬಹುದು, ಪಾಲಿಪ್ ಅನ್ನುವ ಸಣ್ಣ ಬೆಳವಣಿಗೆ ಇರಬಹುದು, ಬೇರೆಯದೂ ಇರಬಹುದು. ಸ್ತ್ರೀರೋಗ ತಜ್ಞರಿಗೆ ತೋರಿಸಿ. ಜೊತೆಗೆ ಹಿಮೋಗ್ಲೋಬಿನ್ ಒಂದೇ ಅಲ್ಲ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ ಇಳಿಯುವುದಕ್ಕೆ ಎಷ್ಟೋ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತದೆ. ಆಗ ಬರುವ ಸುಸ್ತು, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವೂ ಮೆನೋಪಾಸ್ ಲೆಕ್ಕಕ್ಕೇ ಹೋಗಿಬಿಡುತ್ತವೆ.

ಊಟದಲ್ಲಿ ಕಬ್ಬಿಣ ಸಿಗುವುದು ಬೇಳೆಕಾಳು, ಸೊಪ್ಪು, ಬೀಜಗಳಿಂದ. ಸಸ್ಯದ ಕಬ್ಬಿಣವನ್ನು ದೇಹ ಕಡಿಮೆ ಹೀರುತ್ತದೆ, ಆದ್ದರಿಂದ ಅದರ ಜೊತೆ ನಿಂಬೆಹಣ್ಣು, ಟೊಮೆಟೊ, ಕಿತ್ತಳೆ, ಸೀಬೆ ಇಂಥ ವಿಟಮಿನ್ ಸಿ ಇರುವುದು ಏನಾದರೂ ಇರಲಿ. ಊಟದ ಜೊತೆಗೇ ಟೀ, ಕಾಫಿ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮುಟ್ಟು ಬರುತ್ತಿರುವ ಹೆಂಗಸಿಗೆ ದಿನಕ್ಕೆ 18 ಮಿ.ಗ್ರಾಂ ಕಬ್ಬಿಣ ಬೇಕು ಅನ್ನುವ ಅಮೆರಿಕದ ಮಾನದಂಡ, ಮುಟ್ಟು ನಿಂತ ಮೇಲೆ ಅದನ್ನು 8ಕ್ಕೆ ಇಳಿಸುತ್ತದೆ. ಆದ್ದರಿಂದ ಈಗ ಮಾತ್ರೆ ಕೊಟ್ಟರೂ ಅದನ್ನು ಜೀವನವಿಡೀ ನುಂಗುವುದಲ್ಲ. ಮುಂದೆ ಮುಟ್ಟು ಪೂರ್ತಿ ನಿಂತ ಮೇಲೂ ಕಬ್ಬಿಣ ಇಳಿಯುತ್ತಿದ್ದರೆ ಸೊಪ್ಪು ಜಾಸ್ತಿ ತಿನ್ನಿ ಅಂತ ನಾನು ಹೇಳುವುದಿಲ್ಲ. ರಕ್ತ ಎಲ್ಲಿ ಸೋರುತ್ತಿದೆ ಅಂತ ಹೊಟ್ಟೆ, ಕರುಳು ಪರೀಕ್ಷೆ ಮಾಡಿಸಬೇಕು. 12 ತಿಂಗಳು ಮುಟ್ಟು ಬಾರದೆ ಆಮೇಲೆ ಒಂದು ಹನಿ ಕಾಣಿಸಿಕೊಂಡರೂ ಕಾಯಬೇಡಿ, ಅದೇ ವಾರ ವೈದ್ಯರ ಹತ್ತಿರ ಹೋಗಿ.

ಈಗ ತೂಕ. ನಲವತ್ತು ದಾಟಿದ ಮೇಲೆ ಮೆಟಬಾಲಿಸಂ ನಿಧಾನ ಆಗುತ್ತದೆ, ಅದಕ್ಕೇ ಕಡಿಮೆ ತಿನ್ನಬೇಕು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ದೇಹ ದಿನಕ್ಕೆ ಎಷ್ಟು ಶಕ್ತಿ ಸುಡುತ್ತದೆ ಅಂತ ಅಳೆದಿದ್ದರು, ಎಂಟು ದಿನದ ಕೂಸಿನಿಂದ 95 ವರ್ಷದವರ ತನಕ. ದೇಹದ ಗಾತ್ರ ಮತ್ತು ಮಾಂಸಖಂಡದ ಲೆಕ್ಕ ಸರಿಹೊಂದಿಸಿ ನೋಡಿದರೆ 20ರಿಂದ 60ರ ತನಕ ಈ ಸುಡುವಿಕೆ ಹೆಚ್ಚುಕಡಿಮೆ ಒಂದೇ ಸಮ. ಮೆನೋಪಾಸ್ ಹೊತ್ತಿಗೆ ಕುಸಿತ ಏನೂ ಕಾಣಲಿಲ್ಲ.

ಹಾಗಾದರೆ ಹೊಟ್ಟೆ ಯಾಕೆ ಬಂತು? ಅಮೆರಿಕದಲ್ಲಿ 1996ರಲ್ಲಿ ಶುರುವಾಗಿ ಮೆನೋಪಾಸ್ ಹಾದು ಹೋಗುವ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅನ್ನುವ ಅಧ್ಯಯನ ಇದೆ. ಅದರಲ್ಲಿ ಕಂಡಿದ್ದು ಇದು: ಈ ಪರಿವರ್ತನೆ ಶುರುವಾಗುತ್ತಿದ್ದಂತೆ ಕೊಬ್ಬು ಸೇರುವ ವೇಗ ಸುಮಾರು ಎರಡು ಪಟ್ಟಾಗುತ್ತದೆ, ಅದೇ ಹೊತ್ತಿಗೆ ಮಾಂಸಖಂಡ ಇಳಿಯಲು ಶುರುವಾಗುತ್ತದೆ, ಕೊನೆಯ ಮುಟ್ಟಾಗಿ ಸುಮಾರು ಎರಡು ವರ್ಷದ ತನಕ ಇದು ನಡೆಯುತ್ತದೆ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇಳಿದಾಗ ಕೊಬ್ಬು ತೊಡೆ, ಸೊಂಟ ಬಿಟ್ಟು ಹೊಟ್ಟೆಗೆ ಸೇರುತ್ತದೆ. ತೂಕದ ಯಂತ್ರಕ್ಕೆ ಮಾತ್ರ ಇದ್ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಕೆ.ಜಿ. ಮಾಂಸಖಂಡವೂ ಒಂದೇ, ಒಂದು ಕೆ.ಜಿ. ಕೊಬ್ಬೂ ಒಂದೇ.

ಇಲ್ಲೇ ನಿಮ್ಮ ರಾತ್ರಿಯ ಹಣ್ಣಿನ ಊಟ ಎಡವಟ್ಟು ಮಾಡುತ್ತಿರುವುದು. ಮಾಂಸಖಂಡ ಹೇಗೂ ಇಳಿಯುತ್ತಿರುವ ಹೊತ್ತಿನಲ್ಲಿ ಪ್ರೋಟೀನ್ ಕೂಡ ಕಡಿತ ಮಾಡಿದರೆ ತೂಕ ಇಳಿದರೂ ಇಳಿಯುವುದರಲ್ಲಿ ಒಳ್ಳೆಯ ಪಾಲು ಮಾಂಸಖಂಡದ್ದೇ, ಸ್ವಲ್ಪ ಮೂಳೆಯದ್ದೂ. ಒಂದು ತಟ್ಟೆ ಹಣ್ಣಿನಲ್ಲಿ ಪ್ರೋಟೀನ್ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಎಂಟು ಗಂಟೆಗೆ ಹಣ್ಣು ತಿಂದು ಮಲಗಿ, ಮಾರನೇ ದಿನ ಸಂಜೆ ಹೊತ್ತಿಗೆ ಹಸಿವು ತಡೆಯದೆ ಕೈಗೆ ಸಿಕ್ಕಿದ ಬಿಸ್ಕತ್ತು, ಕರಿದದ್ದು ಬಾಯಿಗೆ ಹಾಕಿಕೊಳ್ಳುವವರನ್ನು ನಾನು ತುಂಬ ನೋಡಿದ್ದೇನೆ. ನಿಮ್ಮದೂ ಹಾಗೇನಾ ಅಂತ ನೀವೇ ನೋಡಿಕೊಳ್ಳಿ, ಅದನ್ನು ನೀವು ಬರೆದಿಲ್ಲ.

ಎಷ್ಟು ಪ್ರೋಟೀನ್ ಬೇಕು? ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಒಂದು ಕೆ.ಜಿ. ತೂಕಕ್ಕೆ 0.8 ಗ್ರಾಂ. ಅದು ಕೊರತೆ ಆಗದಿರಲು ಸಾಕು. 65 ದಾಟಿದವರಿಗೆ ತಜ್ಞರ ಗುಂಪುಗಳು 1ರಿಂದ 1.2 ಗ್ರಾಂ ಹೇಳುತ್ತವೆ. ಮಾಂಸಖಂಡ ಇಳಿಯಲು ಶುರುವಾಗುವುದು ಈಗಲೇ ಆಗಿರುವಾಗ ಅಲ್ಲಿಯ ತನಕ ಕಾಯುವುದು ಯಾಕೆ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ 60 ಕೆ.ಜಿ.ಗೆ ದಿನಕ್ಕೆ 60ರಿಂದ 70 ಗ್ರಾಂ ಇಟ್ಟುಕೊಳ್ಳಿ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ, ಅವರು ವೈದ್ಯರನ್ನು ಕೇಳಿಯೇ ಏರಿಸಬೇಕು.

60 ಗ್ರಾಂ ಅಂದರೆ ಬಹಳ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ ಎರಡು ಮೊಟ್ಟೆ, 12 ಗ್ರಾಂ. ಒಂದು ಕಪ್ ಹಾಲು, 8. ಮಧ್ಯಾಹ್ನ ಬೆಂದ ಬೇಳೆ ಅಥವಾ ಕಾಳು 150 ಗ್ರಾಂ, ಅದರಲ್ಲಿ 12, ಜೊತೆಗೆ ಒಂದು ಕಪ್ ಮೊಸರು, 7. ಸಂಜೆ ಒಂದು ಮುಷ್ಟಿ ಕಡಲೆಕಾಯಿ ಅಥವಾ ಬಾದಾಮಿ, 6. ರಾತ್ರಿ 100 ಗ್ರಾಂ ಗಟ್ಟಿ ತೋಫು (ಸೋಯಾ ಹಾಲಿನ ಪನೀರ್), 12. ಅಲ್ಲಿಗೆ 57 ಆಯಿತು, ದಿನವಿಡೀ ತಿನ್ನುವ ಅನ್ನ, ಗೋಧಿಯಿಂದ ಇನ್ನೂ ಎಂಟು ಹತ್ತು ಗ್ರಾಂ ಸೇರುತ್ತದೆ. ಯಾವ ಡಬ್ಬಿಯೂ ಬೇಡ. ಇಲ್ಲಿ ಬೇಳೆ ಅಂದರೆ ಬೇಳೆಯೇ. ತಿಳಿಯ ನೀರಿನಲ್ಲಿ ನಾಲ್ಕು ಕಾಳು ತೇಲುತ್ತಿದ್ದರೆ ಅದು 12 ಗ್ರಾಂ ಆಗುವುದಿಲ್ಲ. ರಾತ್ರಿಗೇ ಎಲ್ಲ ಪ್ರೋಟೀನ್ ಸುರಿಯುವುದಕ್ಕಿಂತ ಮೂರು ಹೊತ್ತಿಗೂ ಹಂಚುವುದು ಮೇಲು.

ಅನ್ನ ಬಿಟ್ಟಿದ್ದೀರಿ. ವಾಪಸ್ ತನ್ನಿ, ಪ್ರಮಾಣ ನೋಡಿಕೊಂಡರೆ ಸಾಕು. ಮೊದಲು ತರಕಾರಿ ಮತ್ತು ಕಾಳು ತಟ್ಟೆಯಲ್ಲಿ ಕೂರಲಿ, ಉಳಿದ ಜಾಗದಲ್ಲಿ ಅನ್ನ. ನಾರು ಇರುವ ಧಾನ್ಯ ಇನ್ನೂ ಒಳ್ಳೆಯದು. ತೂಕ ಇಳಿಸಲೇಬೇಕು ಅಂದರೆ ದಿನದ ಊಟದಿಂದ 300ರಿಂದ 500 ಕ್ಯಾಲರಿ ಕಡಿಮೆಯಾದರೆ ಸಾಕು, ಅದು ಸಕ್ಕರೆ, ಕರಿದದ್ದು, ಬೇಕರಿ ತಿನಿಸಿನಿಂದ ಹೋಗಲಿ. ಕೆ.ಜಿ. ಬದಲು ಟೇಪು ಹಿಡಿಯಿರಿ. ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 156 ಸೆಂ.ಮೀ. ಎತ್ತರ ಇದ್ದರೆ 78 ಸೆಂ.ಮೀ. ಒಳಗೆ. ಆ ಮಿತಿಯಲ್ಲೇ ಇದ್ದೀರಾ? ಹಾಗಿದ್ದರೆ ಈ 5 ಕೆ.ಜಿ. ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೂಳೆಯ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ನಿಮ್ಮ ಭಯಕ್ಕೆ ಕಾರಣ ಇದೆ. ಮೂಳೆ ಸತ್ತ ವಸ್ತು ಅಲ್ಲ, ಒಂದು ಬಗೆಯ ಜೀವಕೋಶ ಹಳೆಯದನ್ನು ಕರಗಿಸುತ್ತಿರುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತಿರುತ್ತದೆ. ಕರಗಿಸುವವಕ್ಕೆ ಲಗಾಮು ಹಾಕಿದ್ದು ಈಸ್ಟ್ರೋಜನ್. ಅದು ಇಳಿದ ಕೂಡಲೇ ಕರಗುವುದು ಮುಂದೆ, ಕಟ್ಟುವುದು ಹಿಂದೆ. ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಮೊದಲು ಶುರುವಾಗಿ ಆಮೇಲಿನ ಎರಡು ವರ್ಷದ ತನಕ ಈ ನಷ್ಟ ಅತಿ ವೇಗದಲ್ಲಿರುತ್ತದೆ, ವರ್ಷಕ್ಕೆ ಸುಮಾರು ಶೇ 2ರಷ್ಟು. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನೀವು ಈ ಅವಧಿಯ ಬಾಗಿಲಲ್ಲೇ ಇದ್ದೀರಿ. ನಿಮ್ಮ ಅಮ್ಮನ ಮೂಳೆ ಮುರಿದಿದ್ದು 68ರಲ್ಲಿ, ಸವೆಯಲು ಶುರುವಾಗಿದ್ದು ಬಹುಶಃ ನಿಮ್ಮ ಈಗಿನ ವಯಸ್ಸಿನಲ್ಲಿ.

ಕ್ಯಾಲ್ಸಿಯಂ ಎಷ್ಟು ಬೇಕು ಅನ್ನುವುದರಲ್ಲಿ ದೇಶಗಳಿಗೇ ಒಮ್ಮತ ಇಲ್ಲ. ಬ್ರಿಟನ್ 700 ಮಿ.ಗ್ರಾಂ ಸಾಕು ಅನ್ನುತ್ತದೆ, ಅಮೆರಿಕ 50 ದಾಟಿದ ಹೆಂಗಸರಿಗೆ 1,200 ಅನ್ನುತ್ತದೆ. ನಾನು 1,000ದ ಆಸುಪಾಸು ಹೇಳುತ್ತೇನೆ, ಆದಷ್ಟೂ ಊಟದಿಂದ. ಒಂದು ಕಪ್ ಹಾಲಿನಲ್ಲಿ ಸುಮಾರು 300, ಒಂದು ಕಪ್ ಮೊಸರಿನಲ್ಲಿ 240ರಷ್ಟು ಸಿಗುತ್ತದೆ. ತೋಫು ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟಿಸಿದ್ದಾದರೆ 100 ಗ್ರಾಂಗೆ 200ಕ್ಕೂ ಹೆಚ್ಚು, ಲೇಬಲ್ ನೋಡಿ. ಕಾಳು, ತರಕಾರಿ, ಬೀಜ ಎಲ್ಲ ಸೇರಿ ಇನ್ನೊಂದು 200. ಅಲ್ಲಿಗೆ 900 ದಾಟಿತು. ಇನ್ನೊಂದು ಅರ್ಧ ಕಪ್ ಹಾಲು ಕುಡಿದರೆ ಮಾತ್ರೆಯ ಪ್ರಶ್ನೆಯೇ ಬರುವುದಿಲ್ಲ. ಹಾಲು ಆಗದವರು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ನೋಡಬಹುದು, ಬಾಟಲಿಯನ್ನು ಕುಲುಕಿ ಬಗ್ಗಿಸಿ, ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಒಂದು ಮಾತು ಪಾಲಕ್ ಬಗ್ಗೆ. ಪಟ್ಟಿಯಲ್ಲಿ ಅದರ ಕ್ಯಾಲ್ಸಿಯಂ ಜೋರಾಗೇ ಕಾಣುತ್ತದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಅನ್ನುವ ವಸ್ತು ಆ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದಿರುವುದರಿಂದ ದೇಹಕ್ಕೆ ಸಿಗುವುದು ಶೇ 5ರಷ್ಟು ಮಾತ್ರ, ಹಾಲಿನದಾದರೆ ಶೇ 30ರ ಹತ್ತಿರ. ಬ್ರೊಕೊಲಿ, ಎಲೆಕೋಸು ಜಾತಿಯ ಸೊಪ್ಪುಗಳಲ್ಲಿ ಆಕ್ಸಲೇಟ್ ಕಡಿಮೆ, ಹೀರಿಕೆ ಚೆನ್ನಾಗಿದೆ. ಪಾಲಕ್ ಬೇರೆ ಕಾರಣಕ್ಕೆ ತಿನ್ನಿ, ಮೂಳೆಗಂತ ಅಲ್ಲ.

ಮಾತ್ರೆ ಯಾಕೆ ಕೊನೆಯ ದಾರಿ ಅನ್ನುತ್ತೇನೆ ಗೊತ್ತಾ? ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ಅಧ್ಯಯನ 36,282 ಹೆಂಗಸರನ್ನು ಎರಡು ಗುಂಪು ಮಾಡಿ ಒಂದಕ್ಕೆ ದಿನಾ 1,000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 400 ಐಯು (ವಿಟಮಿನ್ ಅಳೆಯುವ ಘಟಕ) ವಿಟಮಿನ್ ಡಿ ಕೊಟ್ಟು ಸುಮಾರು 7 ವರ್ಷ ನೋಡಿತು. 2006ರಲ್ಲಿ ಬಂದ ಫಲಿತಾಂಶದಲ್ಲಿ ಸೊಂಟದ ಮೂಳೆಯ ಸಾಂದ್ರತೆ ಸುಮಾರು ಶೇ 1ರಷ್ಟು ಉತ್ತಮ. ಸೊಂಟ ಮುರಿಯುವುದು ಖಚಿತವಾಗಿ ಕಡಿಮೆಯಾಯಿತು ಅನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಕಿಡ್ನಿ ಕಲ್ಲು ಮಾತ್ರ ಶೇ 17ರಷ್ಟು ಜಾಸ್ತಿ. ಆ ಹೆಂಗಸರಲ್ಲಿ ಎಷ್ಟೋ ಜನ ಊಟದಲ್ಲೇ ಸಾಕಷ್ಟು ಕ್ಯಾಲ್ಸಿಯಂ ತಿನ್ನುತ್ತಿದ್ದರು ಅನ್ನುವುದು ನಿಜ, ನನ್ನ ಮಾತೂ ಅದೇ: ಊಟದಲ್ಲಿ ಕಡಿಮೆ ಬಿದ್ದಷ್ಟನ್ನು ಮಾತ್ರ ಮಾತ್ರೆ ತುಂಬಲಿ. ಒಮ್ಮೆಗೆ 500 ಮಿ.ಗ್ರಾಂ ಮೀರಬಾರದು, ಅದಕ್ಕಿಂತ ಜಾಸ್ತಿ ಕೊಟ್ಟರೆ ಹೀರಿಕೆ ಇಳಿಯುತ್ತದೆ. ಮಾತ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಸಿಟ್ರೇಟ್ ಆದರೆ ಯಾವಾಗಲಾದರೂ ಸರಿ.

ವಿಟಮಿನ್ ಡಿ ಕಥೆಯೂ ಹೆಚ್ಚುಕಡಿಮೆ ಹೀಗೇ. 70ರ ತನಕ ದಿನಕ್ಕೆ 600 ಐಯು, ಆಮೇಲೆ 800. ಕೊರತೆ ಇದ್ದವರಿಗೆ ಕೊಡಲೇಬೇಕು. ಕೊರತೆ ಇದೆಯೋ ಇಲ್ಲವೋ ನೋಡದೆ ಸುಮಾರು 26,000 ಜನರಿಗೆ ದಿನಾ 2,000 ಐಯು ಅಥವಾ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟ ‘ವೈಟಲ್’ ಪ್ರಯೋಗದಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ ಅಂತ 2022ರಲ್ಲಿ ಗೊತ್ತಾಯಿತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ದೊಡ್ಡ ಡೋಸ್ ಪುಡಿಯನ್ನು ವೈದ್ಯರು ಎಂಟು ವಾರಕ್ಕೆ ಬರೆದಿದ್ದರೆ ಎಂಟು ವಾರಕ್ಕೇ ನಿಲ್ಲಿಸಿ. ಅದನ್ನು ವರ್ಷಗಟ್ಟಲೆ ತಿಂದು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಳ್ಳುವವರಿದ್ದಾರೆ.

ಊಟ ಎಷ್ಟೇ ಸರಿ ಇದ್ದರೂ ಭಾರ ಬೀಳದ ಮೂಳೆ ಗಟ್ಟಿಯಾಗುವುದಿಲ್ಲ. ನಡಿಗೆ ಒಳ್ಳೆಯದು, ಮೂಳೆಗೆ ಅದು ಸಾಲದು. ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ ಹೆಂಗಸರಿಂದ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ತರಬೇತುದಾರರ ಎದುರಲ್ಲೇ ಭಾರ ಎತ್ತಿಸಿದರು, ನಿಜವಾಗಿಯೂ ಭಾರ ಅನ್ನಿಸುವ ಭಾರ. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ 3 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು. ನೀವು ಮೊದಲ ದಿನವೇ ಹಾಗೆ ಎತ್ತಬೇಡಿ. ಕಲಿಸುವವರ ಕೈಕೆಳಗೆ ಶುರು ಮಾಡಿ. ತಿಂದ ಪ್ರೋಟೀನ್‌ಗೆ ಕೆಲಸ ಸಿಗುವುದೂ ಆಗಲೇ.

ವೈದ್ಯರಿಗೆ ಅಮ್ಮನ ಸೊಂಟ ಮುರಿದ ವಿಷಯ ಬಿಡದೆ ಹೇಳಿ. ಮುರಿತದ ಅಪಾಯ ಅಳೆಯುವ ‘ಫ್ರ್ಯಾಕ್ಸ್’ ಲೆಕ್ಕದಲ್ಲಿ ತಂದೆ ತಾಯಿಗೆ ಸೊಂಟ ಮುರಿದಿತ್ತಾ ಅನ್ನುವ ಪ್ರಶ್ನೆ ಇದೆ. ಮೂಳೆಯ ಸಾಂದ್ರತೆ ಅಳೆಯುವ, ಸಾಮಾನ್ಯವಾಗಿ 65ಕ್ಕೆ ಮಾಡಿಸುವ ಡೆಕ್ಸಾ ಸ್ಕ್ಯಾನ್ ಅನ್ನು ನಿಮಗೆ ಮೊದಲೇ ಮಾಡಿಸಬೇಕು ಅಂತ ಅವರಿಗೆ ಅನ್ನಿಸಬಹುದು.

ರಾತ್ರಿಯ ಬಿಸಿ, ಬೆವರು. ಇದರ ಬಗ್ಗೆ ಆಹಾರ ತಜ್ಞೆಯಾಗಿ ನಾನು ಹೇಳಬಾರದ ಮಾತು ಹೇಳುತ್ತೇನೆ, ಇದು ಊಟದಿಂದ ಹೋಗುವ ತೊಂದರೆ ಅಲ್ಲ. ಸೋಯಾದಲ್ಲಿ ಐಸೊಫ್ಲೇವೋನ್ ಅನ್ನುವ, ಈಸ್ಟ್ರೋಜನ್‌ಗೆ ಸ್ವಲ್ಪ ಹೋಲುವ ವಸ್ತು ಇದೆ. ಕೆಲವರ ಕರುಳಿನ ಬ್ಯಾಕ್ಟೀರಿಯಾ ಅದನ್ನು ಇನ್ನೂ ಪರಿಣಾಮಕಾರಿಯಾದ ಈಕ್ವಾಲ್ ಅನ್ನುವ ವಸ್ತುವಾಗಿ ಮಾರ್ಪಡಿಸುತ್ತವೆ, ಎಲ್ಲರದೂ ಅಲ್ಲ. ಪ್ರಯೋಗಗಳ ಫಲಿತಾಂಶ ಒಂದರಂತೆ ಇನ್ನೊಂದಿಲ್ಲ, ಮೇಲಾಗಿ ಬಿಸಿಯ ಪ್ರಯೋಗಗಳಲ್ಲಿ ಖಾಲಿ ಮಾತ್ರೆ ತಿಂದವರಿಗೂ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುವುದು ಸಾಮಾನ್ಯ. ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನ್ ಅಲ್ಲದ ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸಿ, ಸೋಯಾ, ಗಿಡಮೂಲಿಕೆ, ಸಪ್ಲಿಮೆಂಟ್‌ಗಳನ್ನು ಬಿಸಿಗೆ ಶಿಫಾರಸು ಮಾಡುವುದಿಲ್ಲ ಅಂತ ಹೇಳಿತು. ತೂಕ ಜಾಸ್ತಿ ಇದ್ದವರು ಇಳಿಸಿದರೆ ಉಪಯೋಗ ಆಗಬಹುದು, ಮನಃಶಾಸ್ತ್ರಜ್ಞರು ಕೊಡುವ ಸಿಬಿಟಿ (ಯೋಚನೆ, ವರ್ತನೆ ಬದಲಿಸುವ ಮಾತಿನ) ಚಿಕಿತ್ಸೆ ಮತ್ತು ಕೆಲವು ಔಷಧಿಗಳಿಂದಲೂ ಆಗುತ್ತದೆ ಅಂತ ಅದೇ ವರದಿಯಲ್ಲಿದೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ, ಅದು ಮೂಳೆಯನ್ನೂ ಕಾಯುತ್ತದೆ. ನಿಮಗೆ ಹೊಂದುತ್ತದಾ ಅಂತ ಸ್ತ್ರೀರೋಗ ತಜ್ಞರನ್ನೇ ಕೇಳಿ. ‘ಸ್ವಾನ್’ ಅಧ್ಯಯನದಲ್ಲಿ ಪದೇ ಪದೇ ಬಿಸಿಯೇರುವ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಅದು 7 ವರ್ಷಕ್ಕೂ ಮೀರಿ ಇತ್ತು. ಅಷ್ಟು ವರ್ಷ ನಿದ್ದೆಗೆಟ್ಟು ಹಲ್ಲು ಕಚ್ಚಿಕೊಂಡು ಇರಬೇಕಾಗಿಲ್ಲ.

ಹಾಗಂತ ಸೋಯಾ ಕೆಟ್ಟದ್ದೇನೂ ಅಲ್ಲ. ಒಳ್ಳೆಯ ಪ್ರೋಟೀನ್. ನಿಮ್ಮ ಪೌಡರ್ ಡಬ್ಬಿಯ ಹಿಂದುಗಡೆ ಓದಿ: ಒಂದು ಚಮಚಕ್ಕೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು. ಪ್ರೋಟೀನ್ ಚೆನ್ನಾಗಿದ್ದರೆ ಅದನ್ನು ದಿನದ 60 ಗ್ರಾಂ ಲೆಕ್ಕಕ್ಕೆ ಸೇರಿಸಿ ಖಾಲಿ ಮಾಡಿ. ಐಸೊಫ್ಲೇವೋನ್ ಸಾರದ ಗುಳಿಗೆಗಳು ಬೇರೆ ವಿಷಯ, ಸ್ತನ ಕ್ಯಾನ್ಸರ್ ಬಂದು ಹೋದವರು ಅವನ್ನು ತಾವಾಗಿಯೇ ಶುರು ಮಾಡಬಾರದು. ಕಾಫಿ, ಖಾರ, ಮದ್ಯ ಕೆಲವರಿಗೆ ಬಿಸಿ ಎಬ್ಬಿಸುತ್ತವೆ. ಎರಡು ವಾರ ಬರೆದಿಟ್ಟು ನೋಡಿ, ಸಂಬಂಧ ಕಂಡರೆ ಬಿಡಿ, ಕಾಣದಿದ್ದರೆ ಯಾಕೆ ಸುಮ್ನೆ ಬಿಡುತ್ತೀರಿ? ಮಧ್ಯಾಹ್ನದ ನಂತರದ ಕಾಫಿ ಮಾತ್ರ ನಿದ್ದೆಯ ದೃಷ್ಟಿಯಿಂದ ಬೇಡ. ಮದ್ಯದ ಮೇಲೆ ನನಗೆ ಇನ್ನೊಂದು ದೂರು ಇದೆ, ದಿನಕ್ಕೊಂದು ಲೋಟವೂ ಸ್ತನ ಕ್ಯಾನ್ಸರ್ ಅಪಾಯ ಏರಿಸುತ್ತದೆ.

ಬಿ12 ಒಮ್ಮೆ ನೋಡಿಸಿ. ಮಾಂಸ ತಿನ್ನದವರಲ್ಲಿ ಕೊರತೆ ಸಾಮಾನ್ಯ, 50 ದಾಟಿದ ಮೇಲೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಊಟದ ಬಿ12 ಇನ್ನಷ್ಟು ಕಡಿಮೆ ಸಿಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಕಾಲು ಜುಮ್ಮೆನ್ನುವುದು, ಮರೆವು ಇದರಿಂದಲೂ ಬರುತ್ತವೆ.

ಕೊನೆಯದಾಗಿ ಕೊಲೆಸ್ಟ್ರಾಲ್. ಕೊನೆಯ ಮುಟ್ಟಿನ ಆಚೀಚೆ ಒಂದು ವರ್ಷದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಒಮ್ಮೆಲೇ ಏರುತ್ತದೆ, ವಯಸ್ಸಿನ ಸಹಜ ಏರಿಕೆಗಿಂತ ಜೋರಾಗಿ. ಕಾಳು, ಓಟ್ಸ್, ಹಣ್ಣಿನ ಕರಗುವ ನಾರು ಅದನ್ನು ಸ್ವಲ್ಪ ಇಳಿಸುತ್ತದೆ. ಬೆಣ್ಣೆ, ತುಪ್ಪ, ತಾಳೆ ಎಣ್ಣೆಯ ಬದಲು ಸೂರ್ಯಕಾಂತಿ, ಸಾಸಿವೆ, ಕಡಲೆಕಾಯಿ ಎಣ್ಣೆ ಬಳಸಿದರೂ ಇಳಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಜಾಸ್ತಿ ಹೋಗುತ್ತದೆ. ಕೊಲೆಸ್ಟ್ರಾಲ್ ನೋಡುವ ಲಿಪಿಡ್ ಪರೀಕ್ಷೆ ಈಗೊಮ್ಮೆ ಮಾಡಿಸಿ ಚೀಟಿ ಎತ್ತಿಡಿ, ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಇನ್ನೊಮ್ಮೆ ಮಾಡಿಸಿ. ಎರಡನೆಯದರಲ್ಲಿ ಸಂಖ್ಯೆ ಜಿಗಿದಿದ್ದರೆ ಎರಡೂ ಚೀಟಿಯನ್ನು ಒಟ್ಟಿಗೆ ವೈದ್ಯರಿಗೆ ತೋರಿಸಿ, ಜೊತೆಗೆ ಆ ಹೊತ್ತಿನ ಟಿಎಸ್‌ಎಚ್ ಎಷ್ಟಿತ್ತು ಅನ್ನುವುದನ್ನೂ. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ.